ಮುಳುಗಿದಳೋ, ಓಡಿಹೋದಳೋ

ಪುಟ್ಟ ತಂಗೀ,

ಅಕ್ಕ ಸಿಕ್ಕಿದಳು! ಬೆಚ್ಚಬೇಡ, ಸುಳ್ಳು. ಎಪ್ಪತ್ತಾದರೂ ನನ್ನ ಕಪಿಬುದ್ಧಿ ಹೋಗಿಲ್ಲ.

ಮೊನ್ನೆ ನಾವಿಬ್ಬರೂ ನೋಡಿದ ಇರಾನಿನ ಸಿನಿಮಾದಲ್ಲಿ ಸಮುದ್ರದ ದಡದಲ್ಲಿ ಇರಬೇಕಾದ ಹುಡುಗಿಯೇ ಕಾಣೆ. ಹೊರಗೆ ಬಂದೋರು ಕಿತ್ತಾಡಿದ್ದೇ ಕಿತ್ತಾಡಿದ್ದು. ಅರ್ಧ ಜನ ‘ಓಡಿಹೋದಳು’ ಅಂದರು, ಅರ್ಧ ಜನ ‘ಮುಳುಗಿದಳು’ ಅಂದರು. ನೀನಂತೂ ‘ನಮ್ಮಕ್ಕನ ಹಾಗೇ ಮುಳುಗಿದಳು ಕಣ್ರೀ’ ಅಂತ ಅತ್ತೇಬಿಟ್ಟೆ. ನಮ್ಮಿಬ್ಬರ ನಡುವೆ ಖಾಲಿಯಿದ್ದ ಸೀಟು, ಯಾರೋ ಕೂತ ಹಾಗೆ, ಸಿನಿಮಾ ಮುಗಿಯೋತನಕ ಮಡಚಿಕೊಳ್ಳಲೇ ಇಲ್ಲ. ಇದು ತಮಾಷೆಯಲ್ಲ.

ಅಕ್ಕನ ಹಳೇ ಫೋಟೋ ಇದ್ದರೆ ಕಳಿಸು, ಪೇಪರಿಗೆ ಕೊಡೋಣ. ಅವಳು ಕಾಣೆಯಾದಾಗ ನೀವೆಲ್ಲ ಕೆರೆ ಬಿಟ್ಟು ಬೇರೆಲ್ಲೂ ಹುಡುಕಲಿಲ್ಲ. ಆವತ್ತು ನಿಮ್ಮನ್ನ ಹೆದರಿಸೋಣ ಅಂತ, ಮನೆ ಬಾಗಿಲಲ್ಲಿದ್ದ ಅವಳ ಚಪ್ಪಲಿ ಒಯ್ದು ಕೆರೆ ದಡದಲ್ಲಿ ಇಟ್ಟೋನು ನಾನೇ.

ನಿನ್ನ ಅಣ್ಣ