ಸುರುಳಿ ಬುರುಡೆಯ ತಾಮ್ರ

ಗಾಜಿನದಿಬ್ಬ, ಕೊಪ್ಪಳ ಸೀಮೆ
ಫೆಬ್ರವರಿ ಮೂವತ್ತು, ೨೨೧೮

ನಮಗಿಂತ ಮೊದಲು ಬಾಳಿದವರಿಗೆ ಗವಿಸಿದ್ಧನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕೈತಪ್ಪಾಗಿದೆ ಎಂದುಕೊಳ್ಳಬೇಡಿ. ನಿಮ್ಮ ಕಾಲದ ನಂತರ ತಿಂಗಳುಗಳನ್ನು ಸಮನಾಗಿ ಹಂಚಿದರು. ಈಗ ಫೆಬ್ರವರಿಗೂ ಮೂವತ್ತು ದಿನ. ಮುಂದೆಯೂ ನಿಮಗೆ ವಿಚಿತ್ರವೆನಿಸುವ ಮಾತುಗಳು ಬರಬಹುದು, ಮನ್ನಿಸಿ. ನಮ್ಮಲ್ಲಿ ಮನೆಯವರು ಯಾರಾದರೂ ತೀರಿಕೊಂಡರೆ ಹಿಂದಿನವರಿಗೆ ಒಂದು ಕಾಗದ ಬರೆದು ಹೊಳೆಗೆ ಬಿಡುತ್ತೇವೆ. ಅದಕ್ಕೆ ಹಿನ್ನೋಲೆ ಎಂದು ಹೆಸರು. ಅದು ನಿಮ್ಮನ್ನು ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು. ಹೆಚ್ಚಿನವರು ಹೋದವರ ಹೆಸರು ಹೇಳಿ, ಅವರನ್ನು ನಿಮ್ಮ ಜೊತೆ ಸೇರಿಸಿಕೊಳ್ಳಿ ಎಂದು ಬರೆದು ಮುಗಿಸುತ್ತಾರೆ. ನನಗೆ ಅಷ್ಟರಲ್ಲಿ ಮುಗಿಸಲು ಆಗುತ್ತಿಲ್ಲ. ನನ್ನ ಹೆಂಡತಿ ಹುಲಿಗೆವ್ವ ಹೋದ ಸುಗ್ಗಿಯಲ್ಲಿ ತೀರಿಕೊಂಡಳು. ಅವಳು ತೀರಿಕೊಂಡ ಬಗೆಯಲ್ಲಿ ನಿಮಗೂ ಸಂಬಂಧಪಟ್ಟದ್ದು ಸ್ವಲ್ಪ ಇದೆ.

ನಾವು ಇರುವುದು ನಿಮ್ಮ ಕಸದ ಮೇಲೆ. ಇದನ್ನು ಬೈಗುಳವೆಂದು ತಿಳಿಯಬೇಡಿ. ಭೂಮಿಯೊಳಗಿನ ಅದಿರು ನಮ್ಮ ಮುತ್ತಜ್ಜಂದಿರ ಕಾಲಕ್ಕೇ ತೀರಿತು. ಈಗ ಲೋಹ ಬೇಕೆಂದರೆ ನೀವು ಎಸೆದಲ್ಲಿಂದಲೇ ತರಬೇಕು. ಎಷ್ಟೋ ಊರುಗಳ ಕಸವನ್ನು ನೀವು ತಂದು ಸುರಿದ ಒಂದು ದಿಬ್ಬ ಇಲ್ಲಿದೆ. ಈಗ ಅದರ ಮೇಲೆ ಹುಲ್ಲು, ಜಾಲಿ ಬೆಳೆದು, ದೂರದಿಂದ ನೋಡಿದರೆ ಸಾಮಾನ್ಯ ಗುಡ್ಡದಂತೆಯೇ ಕಾಣುತ್ತದೆ. ಅಗೆದರೆ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್ಷು, ಮತ್ತೆ ದೀಪದ ಬುರುಡೆಗಳು. ನಮ್ಮ ಕೇರಿಯವರ ಕಸುಬು ಬುರುಡೆ ಒಡೆಯುವುದು. ಒಡೆಯುವ ಕೋಣೆಯನ್ನು ಒಡೆಮನೆ ಎನ್ನುತ್ತೇವೆ. ಹಳೆಯ ಉರುಟು ಬುರುಡೆಯ ಬುಡದ ಹಿತ್ತಾಳೆ ಟೊಪ್ಪಿಗೆಯನ್ನು ಬಿಡಿಸಿ ಕುಲುಮೆಗೆ ಕಳಿಸುತ್ತೇವೆ. ಟೊಪ್ಪಿಗೆಯ ತುದಿಗೆ ಅಂಟಿದ ಸೀಸವನ್ನು ಕೆರೆದು ಬೇರೆ ಇಡುತ್ತೇವೆ. ಗಾಜಿನೊಳಗೆ ಕೂದಲಿಗಿಂತ ಸಣ್ಣ ತಂತಿಯ ಸುರುಳಿಯೊಂದಿರುತ್ತದೆ. ಅದು ಮುರಿಯದೆ ಸಿಕ್ಕರೆ ಹಬ್ಬ. ಎಷ್ಟು ಕಾಯಿಸಿದರೂ ಕರಗದ ಆ ಲೋಹ ಆಸ್ಪತ್ರೆಯ ಎಲುಬುಗನ್ನಡಿಗೆ ಬೇಕು. ಮೈಯೊಳಗಿನ ಮೂಳೆಯನ್ನು ತೋರಿಸುವ ಯಂತ್ರವದು, ನಿಮ್ಮಲ್ಲೂ ಇತ್ತಂತೆ.

ಆ ತಂತಿ ಬಿಡಿಸುವುದರಲ್ಲಿ ಹುಲಿಗೆವ್ವನ ಕೈಯನ್ನು ಮೀರಿಸುವವರು ಇರಲಿಲ್ಲ. ಚಿಮಟ ಹಿಡಿದು ಕೂತಳೆಂದರೆ ಉಸಿರು ಕೂಡ ಅಲ್ಲಾಡುತ್ತಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಕೇರಿಯಲ್ಲಿ ಯಾರು ಹಾದು ಹೋದರೂ ಕರೆದು ಮಾತಾಡಿಸಬೇಕು. ಉಂಡ್ಯಾ, ಎಮ್ಮೆ ಕರು ಹಾಕಿತಾ, ಮಗಳಿಗೆ ಗಂಡು ನೋಡಿದ್ಯಾ. ಗೊತ್ತಿಲ್ಲದ ಗಾಡಿಯವನನ್ನೂ ಬಿಡುತ್ತಿರಲಿಲ್ಲ. ನಾನು ಸ್ವಭಾವತಃ ಮಾತು ಕಡಿಮೆಯವನು; ಮನೆಗೆ ಬೇಕಾದ ಮಾತೆಲ್ಲ ಅವಳೇ ಆಡುತ್ತಿದ್ದಳು. ನಮ್ಮ ಮಗಳು ಪಾರಿ ಅವಳ ತೊಡೆಗೆ ಒರಗಿ ಕೂತು ತಾಯಿಯ ದನಿಯಲ್ಲೇ ಊರವರ ನಕಲು ಮಾಡುತ್ತಿದ್ದಳು.

ಎರಡು ಮಳೆಗಾಲದ ಹಿಂದೆ ನಮ್ಮ ಗಾಳಿಕಂಬಕ್ಕೆ ಸಿಡಿಲು ಬಡಿಯಿತು. ಗಾಳಿಗೆ ತಿರುಗಿ ವಿದ್ಯುತ್ತು ಹುಟ್ಟಿಸಿ, ಆಳದ ಬಾವಿಯಿಂದ ಇಡೀ ಊರಿಗೆ ನೀರೆತ್ತುತ್ತಿದ್ದುದು ಆ ಒಂದೇ ಕಂಬ. ಒಳಗಿನ ತಾಮ್ರದ ತಂತಿಯೆಲ್ಲ ಕರಗಿ ಗಡ್ಡೆಯಾಯಿತು. ಗಡ್ಡೆಯಿಂದ ಮತ್ತೆ ಎಳೆ ತೆಗೆಯುವ ಕಾರ್ಖಾನೆ ಈ ಸೀಮೆಯಲ್ಲಿ ಇಲ್ಲ. ಅಂದಿನಿಂದ ಹೆಂಗಸರು ಗಂಡಸರೆನ್ನದೆ ಎಲ್ಲರೂ ಕೊಡ ಹೊತ್ತು, ಹೂಳು ತುಂಬಿದ ಹಳೆಯ ಜಲಾಶಯದವರೆಗೆ ನಡೆಯಬೇಕಾಯಿತು. ಅಲ್ಲಿನ ನೀರು ಕೆಂಪು, ಕುದಿಸಿದರೂ ಕೆಸರಿನ ನಾತ. ನೆರೆಮನೆಯ ರುದ್ರವ್ವನ ಸೊಸೆ ಬಾಣಂತಿ. ಆ ನೀರು ಕುಡಿದು ಅವಳಿಗೆ ಭೇದಿ ಹಿಡಿಯಿತು, ಎದೆಹಾಲು ಬತ್ತಿತು. ಕೂಸಿನ ಅಳು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು. ಹುಲಿಗೆವ್ವ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋಗುತ್ತಿದ್ದಳು.

ಆ ದಿನಗಳಲ್ಲೇ ದಿಬ್ಬದ ಬಡಗಣ ಮಗ್ಗುಲಿನಲ್ಲಿ ಅಗೆದಾಗ ಬೇರೊಂದು ಬಗೆಯ ಬುರುಡೆಗಳು ರಾಶಿ ರಾಶಿ ಸಿಕ್ಕವು. ಬಿಳಿ ಗಾಜು, ಜಿಲೇಬಿಯಂತೆ ಸುತ್ತಿದ ಕೊಳವೆ. ಅವಕ್ಕೆ ಸುರುಳಿ ಬುರುಡೆ ಎಂದೆವು. ಒಳಗೆ ಕರಗದ ತಂತಿ ಇದ್ದರೂ ಬಲು ಗಿಡ್ಡ, ಉಪಯೋಗಕ್ಕೆ ಬಾರದು. ಆದ್ದರಿಂದ ಯಾರೂ ಅವನ್ನು ಎತ್ತಲಿಲ್ಲ. ಹುಲಿಗೆವ್ವ ಒಂದನ್ನು ಮನೆಗೆ ತಂದು ಅದರ ಪ್ಲಾಸ್ಟಿಕ್ ಬುಡವನ್ನು ಸೀಳಿ ನೋಡಿದಳು. ನಾನು ಹೊರಗೆ ಚೀಲ ಹೊಲಿಯುತ್ತಿದ್ದೆ.

"ಏನ್ರಿ, ಲಗೂನ ಬರ್ರಿ ಇಲ್ಲೆ! ಇದರ ಕುತ್ತಿಗ್ಯಾಗ ತಾಮ್ರ ಐತಿ!"

ಹೌದು, ಅವಳ ಉಗುರಿನಷ್ಟೇ ಇದ್ದ ಒಂದು ಪುಟ್ಟ ಉಂಡೆಯ ಸುತ್ತ ತಾಮ್ರದ ಸಣ್ಣ ಎಳೆ ಸುತ್ತಿತ್ತು.

"ಇಷ್ಟರಾಗ ಏನ ಆಗತೈತಿ?" ಎಂದೆ.

"ಒಂದರಾಗ ಏನೂ ಆಗೂದಿಲ್ಲ. ದಿಬ್ಬದಾಗ ಎಷ್ಟ ಅದಾವ ನೋಡ್ರಿ. ಎಳಿ ಎಳಿ ಕೂಡಿಸಿ ಹೊಸೆದ್ರ ಹಗ್ಗ ಆಗೂದಿಲ್ಲೇನು?"

ಮರುದಿನದಿಂದ ನಾವು ಹೆಡಿಗೆಗಟ್ಟಲೆ ಹೊತ್ತು ತಂದೆವು, ಅವಳು ಒಡೆದಳು. ಮಣ್ಣಿನ ಭಾರಕ್ಕೆ ಆಗಲೇ ಬಿರುಕು ಬಿಟ್ಟಿದ್ದ ಗಾಜು ಬುಡ ತಿರುಗಿಸಿದರೆ ಸಾಕು ಪುಡಿಯಾಗುತ್ತಿತ್ತು. ಒಳಗಿಂದ ಹಿಟ್ಟಿನಂಥ ಬಿಳಿ ಪುಡಿ ಏಳುತ್ತಿತ್ತು. ಒಂದು ದಿನ ರುದ್ರವ್ವ ಬಾಗಿಲಿಗೆ ಬಂದು, ಹೇಳಲೋ ಬೇಡವೋ ಎನ್ನುವಂತೆ ನಿಂತಳು.

"ಹುಲಿಗೆವ್ವಾ, ತಪ್ಪ ತಿಳಕೋಬ್ಯಾಡವಾ. ಆ ಬಿಳೀ ಪುಡಿ ಗಾಳಿಗೆ ನಮ್ಮನಿಗೆ ಬರಾಕತ್ತೈತಿ. ಕೂಸು ಕೆಮ್ಮತೈತಿ."

"ಅಯ್ಯ, ಮೊದಲ ಹೇಳಬಾರದೇನಕ್ಕ? ಇವತ್ತಿಂದ ಬಾಗಲಾ ಹಾಕ್ಕೊಂಡ ಒಡೀತೀನಿ ಬಿಡು."

ಅಂದಿನಿಂದ ಒಡೆಮನೆಯ ಬಾಗಿಲು ಮುಚ್ಚಿತು. ಕಿಟಕಿಗೆ ಒದ್ದೆ ಗೋಣಿತಟ್ಟು ಬಿಟ್ಟಳು. ಆ ಸೆಕೆಯಲ್ಲಿ ಬೆವರಿಳಿಸಿಕೊಂಡು ಒಳಗೆ ಕೂತಳು. ಪಾರಿಯನ್ನೂ ಒಳಗೆ ಸೇರಿಸುತ್ತಿರಲಿಲ್ಲ. ಪುಡಿ ಕಣ್ಣಿಗೆ ಬೀಳುತ್ತದೆ, ಆಚೆ ಆಡು ಹೋಗು ಎನ್ನುತ್ತಿದ್ದಳು. ನೆಲದ ಬಿರುಕುಗಳಲ್ಲಿ ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಬೆಳ್ಳಿ ಹನಿಗಳು ಹೊಳೆದು ಓಡುತ್ತಿದ್ದವಂತೆ. ಗಾಜಿನ ಚೂರಿರಬೇಕೆಂದು ಗುಡಿಸಿ ಹಾಕುತ್ತಿದ್ದಳು.

ಅವಳು ಬಿಡಿಸಿದ ಎಳೆಗಳನ್ನು ಊರವರೆಲ್ಲ ಕೂಡಿ ಹೊಸೆದು, ಅರಗು ಬಳಿದು, ಗಾಳಿಕಂಬದ ಚಕ್ರಕ್ಕೆ ಸುತ್ತಿದರು. ಯುಗಾದಿಯ ಹಿಂದಿನ ದಿನ ಕಂಬ ತಿರುಗಿತು. ಮೊದಲು ಕೊಳವೆ ಬರೀ ಗಾಳಿಯನ್ನು ಕೆಮ್ಮಿತು, ಆಮೇಲೆ ಮಣ್ಣು ನೀರು, ಆಮೇಲೆ ತಿಳಿ ನೀರು. ಜನ ಕೂಗಾಡಿದರು. ರುದ್ರವ್ವ ಮೊದಲ ಬೊಗಸೆಯನ್ನು ಹುಲಿಗೆವ್ವನಿಗೇ ಕುಡಿಸಲು ಹೋದಳು. ಅವಳು ಕುಡಿದು, ಮುಖ ಕಿವಿಚಿ, ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಏನ್ರಿ, ನೀರು ಕಬ್ಬಣ ನೆಕ್ಕಿಧಂಗ ಐತಿ." ನಾನು ಕುಡಿದು ನೋಡಿದೆ. ನೀರು ಸಿಹಿಯಾಗಿತ್ತು.

ಅಲ್ಲಿಂದ ಅವಳು ದಿನದಿನಕ್ಕೆ ಬೇರೆಯಾದಳು. ಮೊದಲು ಒಸಡಿನಲ್ಲಿ ರಕ್ತ. ಆಮೇಲೆ ಬೆರಳ ತುದಿಯಲ್ಲಿ ನಡುಕ. ಒಂದು ಬೆಳಿಗ್ಗೆ ಪಾರಿಗೆ ಜಡೆ ಹಾಕುತ್ತಿದ್ದಾಗ ಎಳೆಗಳು ಕೈಗೆ ನಿಲ್ಲಲಿಲ್ಲ. ಪಾರಿ ನಗುತ್ತ, "ಯವ್ವಾ, ಮತ್ತ ಸಡ್ಲ ಆತು," ಎಂದಳು. ಹುಲಿಗೆವ್ವ ಹಣಿಗೆಯನ್ನು ಗೋಡೆಗೆ ಬೀಸಿ ಒಗೆದಳು. "ನೀನ ಹಾಕ್ಕೋ, ನನ್ನ ಜೀವಾ ತಿನ್ನಬ್ಯಾಡ!" ಅವಳ ಬಾಯಿಂದ ಅಂಥ ಮಾತು ಮಗು ಎಂದೂ ಕೇಳಿರಲಿಲ್ಲ. ಬಾಗಿಲ ಹಿಂದೆ ಹೋಗಿ ನಿಂತಿತು. ಸ್ವಲ್ಪ ಹೊತ್ತಿಗೆ ತಾಯಿಯೂ ನೆಲದ ಮೇಲೆ ಕುಸಿದು ಅತ್ತಳು. ಅತ್ತದ್ದೇಕೆ ಎಂದು ಕೇಳಿದರೆ ತನಗೇ ತಿಳಿಯದೆಂದಳು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಸುಟ್ಟದ್ದು ಅವಳ ನಾಚಿಕೆ. ಕೇರಿಯನ್ನೆಲ್ಲ ಕರೆದು ಮಾತಾಡಿಸುತ್ತಿದ್ದವಳು ಯಾರ ಹೆಜ್ಜೆ ಸಪ್ಪಳ ಕೇಳಿದರೂ ಒಳಗೆ ಸೇರುತ್ತಿದ್ದಳು. "ಯಾರನ್ನೂ ಬಿಡಬ್ಯಾಡ್ರಿ. ನನ್ನ ಕೈ ನೋಡ್ತಾರ. ನೋಡಿದ್ರ ಇನ್ನೂ ನಡಗತಾವ," ಎನ್ನುತ್ತಿದ್ದಳು. ಬಚ್ಚಿಟ್ಟುಕೊಳ್ಳಲು ಅವಳು ಆರಿಸಿಕೊಂಡದ್ದು ಆ ಒಡೆಮನೆಯನ್ನೇ. ಬೇರೆಲ್ಲೂ ಅವಳಿಗೆ ನೆಮ್ಮದಿ ಸಿಗುತ್ತಿರಲಿಲ್ಲ. ಚಾಪೆ ಹಾಸಿ, ಬಾಗಿಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ರುದ್ರವ್ವ ದಿನವೂ ಮಜ್ಜಿಗೆ ತಂದು ಹೊಸ್ತಿಲಲ್ಲಿಟ್ಟು, ಮುಚ್ಚಿದ ಬಾಗಿಲಿನೊಡನೆ ಮಾತಾಡಿ ಹೋಗುತ್ತಿದ್ದಳು.

ಬೇಸಗೆ ಕಳೆದ ಮೇಲೆ ಎಲುಬುಗನ್ನಡಿಯ ತಂತಿ ಒಯ್ಯಲು ಆಸ್ಪತ್ರೆಯಿಂದ ವೈದ್ಯೆ ಸಕೀನಾಬಿ ಬಂದರು. ವರ್ಷಕ್ಕೊಮ್ಮೆ ಸೀಮೆಯೆಲ್ಲ ಸುತ್ತುವವರು. ಹುಲಿಗೆವ್ವನ ಕೈಚಳಕವನ್ನು ಬಲ್ಲವರು. ಅವಳೆಲ್ಲಿ ಎಂದು ಕೇಳಿದರು. ನಾನು ಕೋಣೆ ತೋರಿಸಿದೆ. ಬಾಗಿಲು ತೆರೆದು, ನೆಲ ನೋಡಿ, ಮೂಲೆಯಲ್ಲಿ ರಾಶಿಬಿದ್ದ ಬಿಳಿ ಗಾಜು ನೋಡಿ, ಅಲ್ಲೇ ನಿಂತುಬಿಟ್ಟರು.

"ಗವಿಸಿದ್ಧಾ, ಮೊದಲ ಆಕಿನ್ನ ಹೊರಗ ಎತ್ತಿಕೊಂಡ ಬಾ. ಆಮ್ಯಾಲೆ ಮಾತು."

ಹುಲಿಗೆವ್ವ ಬರಲೊಲ್ಲೆನೆಂದು ಕೋಣೆಯ ಕಂಬ ತಬ್ಬಿಕೊಂಡಳು. ನಾನೂ ರುದ್ರವ್ವನೂ ಅವಳ ಬೆರಳುಗಳನ್ನು ಬಿಡಿಸಿ, ಮಗುವನ್ನು ಎತ್ತುವಂತೆ ಎತ್ತಿ ತಂದು ಬೇವಿನ ನೆರಳಲ್ಲಿ ಮಲಗಿಸಿದೆವು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸಕೀನಾಬಿ ನಮಗೆಲ್ಲ ತಿಳಿಯುವಂತೆ ಹೇಳಿದರು. ಆ ಬುರುಡೆಗಳೊಳಗೆ ಪಾದರಸವಿತ್ತು. ಒಂದರಲ್ಲಿ ಇರುವುದು ಲೆಕ್ಕಕ್ಕಿಲ್ಲದಷ್ಟು. ಆದರೆ ದಿಬ್ಬದ ರಾಶಿಯೇ ಆ ಮುಚ್ಚಿದ ಕೋಣೆಯೊಳಗೆ ಒಡೆದಿತ್ತು, ಅದೆಲ್ಲ ಹಬೆಯಾಗಿ ಅವಳ ಉಸಿರಿಗೆ ಸೇರಿತ್ತು. ಕೈನಡುಕ, ಸಿಟ್ಟು, ನಾಚಿಕೆ, ಎಲ್ಲವೂ ಆ ವಿಷದ್ದೇ.

"ನಾಚಿಕಿನೂ?" ಎಂದು ರುದ್ರವ್ವ ಕೇಳಿದಳು.

"ಅದೂ ಅದರದ ರೋಗ, ಅವ್ವಾ. ಆಕಿ ನಿಮ್ಮ ಮ್ಯಾಲೆ ಮುನಿಸಿಕೊಂಡಿದ್ದಲ್ಲ."

ರುದ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕೂತಳು. ಅವಳ ಮೊಮ್ಮಗ ಅಷ್ಟು ಹೊತ್ತಿಗೆ ಅಂಬೆಗಾಲಿಡುತ್ತ ಅಂಗಳವೆಲ್ಲ ತಿರುಗುತ್ತಿದ್ದ.

ಮೈಯಿಂದ ಪಾದರಸವನ್ನು ಹೊರಗೆಳೆಯುವ ಮದ್ದು ನಿಮ್ಮ ಕಾಲದಲ್ಲಿ ಇತ್ತಂತೆ. ಈಗ ಅದನ್ನು ಮಾಡುವವರಿಲ್ಲ. ಗಾಳಿಯಲ್ಲಿಡಿ, ಎಳನೀರು ಕೊಡಿ ಎಂದು ಹೇಳಿ ಸಕೀನಾಬಿ ನಮ್ಮಲ್ಲೇ ಉಳಿದರು. ಬೇವಿನ ಕೆಳಗೆ ಚಪ್ಪರ ಹಾಕಿದೆವು. ಕೆಲವು ವಾರ ಹುಲಿಗೆವ್ವ ಸ್ವಲ್ಪ ಸ್ವಲ್ಪವಾಗಿ ತಿರುಗಿ ಬಂದಳು. ಒಂದು ಮಧ್ಯಾಹ್ನ ದಾರಿಯಲ್ಲಿ ಹೋಗುತ್ತಿದ್ದ ಗಾಡಿಯವನಿಗೆ, "ಉಂಡ್ಯೇನೋ ತಮ್ಮಾ?" ಎಂದು ಕೇಳಿದಳು. ನಾನು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟು ಅತ್ತೆ. ಪಾರಿ ದೂರದಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರಲು ಅವಳಿಗೆ ಇನ್ನೂ ಅಂಜಿಕೆ. ತಾಯಿ ಕರೆಯಲಿಲ್ಲ. ತಾನೇ ಬರಲಿ ಎಂದು ಕಾದಳು. ಮೂತ್ರಪಿಂಡಗಳು ಆಗಲೇ ಸೋತಿದ್ದವೆಂದು ನಮಗಾರಿಗೂ ಗೊತ್ತಿರಲಿಲ್ಲ. ಕಾಲು ಬಾತವು, ಮುಖ ಬಾತಿತು. ಕೊನೆಯ ದಿನಗಳಲ್ಲಿ ಒಮ್ಮೆ ಅವಳು ಸಕೀನಾಬಿಯನ್ನು ಕೇಳಿದಳು:

"ಇದನ್ನ ಮಾಡಿದವ್ರಿಗೆ ಇದರಾಗ ವಿಷ ಐತಿ ಅಂತ ಗೊತ್ತಿತ್ತೇನ್ರಿ?"

ಸಕೀನಾಬಿ ಸುಳ್ಳು ಹೇಳಲಿಲ್ಲ. "ಗೊತ್ತಿತ್ತವಾ. ಕಸದಾಗ ಒಗೀಬ್ಯಾಡ್ರಿ ಅಂತ ಡಬ್ಬಿ ಮ್ಯಾಲೆ ಬರದಿದ್ರಂತ. ಡಬ್ಬಿ ಎಲ್ಲೋ ಹೋತು, ಬುರುಡಿ ಇಲ್ಲಿಗಿ ಬಂತು."

ಹುಲಿಗೆವ್ವ, "ಓದಿದ್ದರ ನಾನೂ ಒಡೀತಿದ್ದಿಲ್ಲ," ಎಂದಳು. ಆಮೇಲೆ, "ಅಲ್ಲ, ಒಡೀತಿದ್ದೆ. ಬಾಗಲಾ ತಗದ ಇಟ್ಟ, ಗಾಳ್ಯಾಗ, ಊರ ಹೊರಗ ಒಡೀತಿದ್ದೆ," ಎಂದಳು. ಅವಳು ಹಾಗೆಯೇ ಮಾಡುತ್ತಿದ್ದಳು. ಅವಳ ಆ ಮಾತನ್ನು ನನ್ನಿಂದ ಇನ್ನೂ ನುಂಗಲಾಗುತ್ತಿಲ್ಲ. ಒಂದು ಸಾಲು ಬರಹ ಬುರುಡೆಯ ಮೇಲೇ ಅಳಿಯದಂತೆ ಉಳಿದಿದ್ದರೆ ಊರಿಗೆ ನೀರೂ ಸಿಗುತ್ತಿತ್ತು, ನನ್ನ ಹೆಂಡತಿಯೂ ಉಳಿಯುತ್ತಿದ್ದಳು.

ಜೋಳದ ರಾಶಿ ನಡೆದಿದ್ದ ಒಂದು ಬೆಳಿಗ್ಗೆ ಅವಳು ಹೋದಳು. ಹೋಗುವ ಮೊದಲು ಪಾರಿ ತಾನಾಗಿಯೇ ಚಪ್ಪರದೊಳಗೆ ಬಂದು ಅವಳ ಮಗ್ಗುಲಲ್ಲಿ ಮಲಗಿದ್ದಳು. ಹುಲಿಗೆವ್ವ ಕೈ ಎತ್ತಿ ಮಗಳ ಬೆನ್ನ ಮೇಲೆ ಇಟ್ಟಳು. ಕೈ ನಡುಗುತ್ತಲೇ ಇತ್ತು. ಪಾರಿ ಅದನ್ನು ತನ್ನ ಎರಡೂ ಕೈಗಳಿಂದ ಒತ್ತಿ ಹಿಡಿದು, ನಡುಕ ನಿಂತ ಮೇಲೂ ಬಿಡಲಿಲ್ಲ. ಆ ಕೈಗಳನ್ನು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಡೆಮನೆಯನ್ನು ಊರವರು ಕೆಡವಿ, ಅಲ್ಲಿನ ಮಣ್ಣನ್ನು ಸಕೀನಾಬಿ ಹೇಳಿದಂತೆ ದೂರದಲ್ಲಿ ಹೂತು, ಮೇಲೆ ಕಲ್ಲು ನೆಟ್ಟು, ಒಳಗೇನಿದೆ ಎಂದು ಕೊರೆದಿದ್ದೇವೆ. ನಮ್ಮ ನಂತರದವರು ಅಗೆಯದಿರಲಿ. ಪಾರಿ ಈಗ ಮನೆಯ ಯಾವ ಬಾಗಿಲನ್ನೂ ಮುಚ್ಚಗೊಡುವುದಿಲ್ಲ. ಮಳೆ ಹೊಡೆದರೆ ಒಳಗೆಲ್ಲ ನೀರಾಗುತ್ತದೆ. ಆಗಲಿ ಎಂದು ಬಿಟ್ಟಿದ್ದೇನೆ.

ಹಿರಿಯರೇ, ನಿಮ್ಮ ಮೇಲೆ ಸಿಟ್ಟು ಬಾರದೆ ಇರಲಿಲ್ಲ. ಆದರೆ ಆ ದೀಪದ ಕೆಳಗೆ ನಿಮ್ಮ ಮಕ್ಕಳು ಓದಿದರು, ನೀವು ಉಂಡಿರಿ, ಕಾಯಿಲೆಯವರ ಬಳಿ ಎಚ್ಚರವಿದ್ದಿರಿ. ಬೆಳಕು ಬೇಕೆಂದದ್ದು ತಪ್ಪೆಂದು ನಾನು ಹೇಗೆ ಹೇಳಲಿ? ಒಂದೇ ಒಂದನ್ನು ಬೇಡಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಒಂದು ಬುರುಡೆ ಕೆಟ್ಟು ಹೋದಾಗ, ಅದನ್ನು ತಿರುಗಿಸಿ ಇಳಿಸಿ ಕಸದ ಬುಟ್ಟಿಯ ಕಡೆ ನಡೆಯುವ ಮುನ್ನ ಸ್ವಲ್ಪ ನಿಲ್ಲಿ. ಒಡೆಯದಂತೆ ಬಟ್ಟೆಯಲ್ಲಿ ಸುತ್ತಿ, ಒಳಗೇನಿದೆಯೆಂದು ಬಲ್ಲವರ ಕೈಗೆ ಕೊಡಿ. ಅದನ್ನು ಕೊನೆಯದಾಗಿ ಮುಟ್ಟುವ ಕೈ ನಿಮ್ಮದಲ್ಲ. ಆ ಕೈ ಯಾರದೆಂದು ನಿಮಗೆ ತಿಳಿಯುವ ದಾರಿ ಇರಲಿಲ್ಲ, ಈಗ ತಿಳಿಸಿದ್ದೇನೆ. ಅವಳ ಹೆಸರು ಹುಲಿಗೆವ್ವ.

ಅವಳು ನಿಮ್ಮಲ್ಲಿಗೆ ಬಂದಿದ್ದರೆ, ದಯವಿಟ್ಟು ನೀವೇ ಮೊದಲು ಮಾತಾಡಿಸಿ.

ಗವಿಸಿದ್ಧ