ಇಲಿ ದೃಶ್ಯ, ಏಳನೆಯ ಸಲ

ಸೋಮವಾರ, ಊಟದ ಬಿಡುವು

ಪ್ರೀತಿಯ ಅಮ್ಮ,

ಕಾಗದ ನೋಡಿದ ಕೂಡಲೇ ಯಾರಿಗೋ ಏನೋ ಆಗಿಹೋಯಿತು ಅಂತ ಎದೆ ಹಿಡಿದುಕೊಳ್ಳಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಮಾಡಬಹುದಿತ್ತು, ಆದರೆ ಅಜ್ಜಿಯ ಸುದ್ದಿ ಎತ್ತಿದರೆ ಸಾಕು, ಒಲೆ ಮೇಲೆ ಹಾಲಿಟ್ಟಿದ್ದೇನೆ ಅಂತ ಫೋನ್ ಇಟ್ಟುಬಿಡುತ್ತೀಯ. ಮೂವತ್ತು ವರ್ಷದಿಂದ ಅದೇ ಹಾಲು ಉಕ್ಕುತ್ತಿದೆ. ಕಾಗದವಾದರೆ ಕೆಳಗಿಟ್ಟರೂ ಮತ್ತೆ ಎತ್ತಿಕೊಂಡು ಓದುತ್ತೀಯ, ನಿನ್ನನ್ನು ನಾನು ಬಲ್ಲೆ. ಹೌದು, ಇದು ಅಜ್ಜಿಯ ಸುದ್ದಿಯೇ. ಇಷ್ಟು ಹೊತ್ತಿಗೆ ನಿನ್ನ ಬಲಗೈ ಎಡಹುಬ್ಬಿನ ಮೇಲಿನ ಆ ಹಳೇ ಗಾಯದ ಗುರುತಿಗೆ ಹೋಗಿರುತ್ತದೆ. ಸಿಟ್ಟು ಬಂದಾಗಲೆಲ್ಲ ಅದನ್ನು ಉಜ್ಜಿಕೊಳ್ಳುವುದು ನಿನ್ನ ಅಭ್ಯಾಸ. ಉಜ್ಜಿಕೋ, ಆದರೆ ಓದು.

ಲಕೋಟೆಯಲ್ಲಿ ಒಂದು ಅಚ್ಚು ಹಾಕಿದ ಕಾಗದವಿದೆ. ಈ ಚಿತ್ರದಲ್ಲಿರುವ ಹೆಂಗಸು ನನ್ನ ತಾಯಿ, ಅಂತ ಅದರಲ್ಲಿ ಒಂದೇ ಸಾಲು. ಅದಕ್ಕೆ ನಿನ್ನ ಸಹಿ ಬೇಕು. ಶುಕ್ರವಾರದೊಳಗೆ ನನ್ನ ಕೈ ಸೇರಬೇಕು. ಯಾಕೆ ಅಂತ ಹೇಳುತ್ತೇನೆ.

ನನ್ನ ಕೆಲಸ ನಿನಗೆ ಗೊತ್ತಿರುವುದೇ. ಹರಿದ ಹಳೇ ಫಿಲ್ಮನ್ನು ಬೆಳಕಿನ ಮೇಜಿನ ಮೇಲೆ ಹರಡಿ, ಅಂಚಿಗೆ ಅಂಚು ಹೊಂದಿಸಿ ಅಂಟಿಸುವುದು. ಎರಡು ತಿಂಗಳಿಂದ ನಮ್ಮ ಸಂಗ್ರಹಾಲಯಕ್ಕೆ ಟೀವಿಯವರ ಕಾಟ. ಹೆಂಗಸರು ಮತದಾನದ ಹಕ್ಕಿಗಾಗಿ ನಡೆಸಿದ ಹೋರಾಟವನ್ನು ಸಿನಿಮಾದವರೂ ಟೀವಿಯವರೂ ಹೇಗೆಲ್ಲ ತೋರಿಸಿದರು ಅಂತ ನಾಲ್ಕು ಕಂತಿನ ಕಾರ್ಯಕ್ರಮ ಮಾಡುತ್ತಿದ್ದಾರೆ. ನೋಡಿ ನೋಡಿ ನನಗೆ ಎಲ್ಲ ಬಾಯಿಪಾಠ. ಮೊದಮೊದಲ ಚಿತ್ರಗಳಲ್ಲಿ ಹೆಂಡತಿ ಮೆರವಣಿಗೆಗೆ ಹೋಗುತ್ತಾಳೆ, ಮನೆಯಲ್ಲಿ ಮೀಸೆ ಹೊತ್ತ ಗಂಡ ಅಡುಗೆ ಸೀಯಿಸಿ, ಮಗುವನ್ನು ತಲೆಕೆಳಗಾಗಿ ಹಿಡಿದು ಗೋಳೋ ಅಂತ ಅಳುತ್ತಾನೆ. ಆಮೇಲಿನವುಗಳಲ್ಲಿ ಒಬ್ಬಳೇ ಒಬ್ಬಳು ಶ್ರೀಮಂತರ ಮನೆ ಚೆಲುವೆ, ಒಂದು ಸುಕ್ಕೂ ಇಲ್ಲದ ಬಿಳಿ ಉಡುಪು, ಮೆಟ್ಟಿಲ ಮೇಲೆ ನಿಂತು ಭಾಷಣ. ಆ ಉಡುಪಿಗೆ ಇಸ್ತ್ರಿ ಹಾಕಿದವಳು ಮಾತ್ರ ಎಲ್ಲೂ ಇಲ್ಲ. ಇದ್ದರೂ ಹಿಂದಿನ ಸಾಲಿನಲ್ಲಿ ಮಸುಕು ಮಸುಕು. ನಮ್ಮಜ್ಜಿ ಬಟ್ಟೆ ತೊಳೆಯುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಇಸ್ತ್ರಿ ಹಾಕಿದವಳು. ನನಗೆ ಹೊಟ್ಟೆ ಉರಿಯದೆ ಇರುತ್ತಾ, ನೀನೇ ಹೇಳು.

ಎರಡನೇ ಕಂತಿನಲ್ಲಿ ಆ ಚಿತ್ರ ಇದೆ ಅಮ್ಮ. ಇಲಿಯದು. ಹತ್ತು ಹನ್ನೆರಡು ಹೆಂಗಸರು ಫಲಕ ಹಿಡಿದು ಬರುತ್ತಾರೆ, ಒಬ್ಬ ಗಂಡಸು ಟೋಪಿಯೊಳಗಿಂದ ಇಲಿ ಬಿಡುತ್ತಾನೆ, ಮುಂದಿದ್ದವಳು ಬಾಯಿ ತೆರೆದು ಕಿರುಚಿ, ಫಲಕ ಬಿಸಾಕಿ, ಎದ್ದೆನೋ ಬಿದ್ದೆನೋ ಅಂತ ಓಡುತ್ತಾಳೆ. ಅಷ್ಟೇ ಕಥೆ. ಇಂಥವರಿಗೆ ಮತದ ಹಕ್ಕು ಕೊಡಬೇಕಂತೆ ಅಂತ ಪರದೆಯ ಮೇಲೆ ಬರುತ್ತದೆ. ಆ ಓಡುವವಳು ಅಜ್ಜಿ.

ನೀನು ಅದನ್ನು ನೋಡಿದಾಗ ನಿನಗೆ ಐದು ವರ್ಷ. ಪಕ್ಕದ ಮನೆಯವರ ಜೊತೆ ಹೋಗಿದ್ದೆ. ಚಿತ್ರಮಂದಿರದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಅದು ನಿನ್ನಮ್ಮ ಅಂತ ಗುರುತು ಹತ್ತುವ ಮೊದಲು ನೀನೂ ನಕ್ಕೆ. ಇದನ್ನು ನೀನು ನನಗೆ ಹೇಳಿದ್ದು ಒಂದೇ ಒಂದು ಸಲ, ಅದೂ ಜ್ವರದಲ್ಲಿ. ಆಮೇಲೆ ಬೀದಿಯಲ್ಲಿ ಅವಳು ಇಲಿಯಮ್ಮ, ನೀನು ಇಲಿಮರಿ. ಅವಳೋ ಜಗ್ಗಲಿಲ್ಲ. ಜನ ಕೀಚ್ ಕೀಚ್ ಅಂತ ಅಣಕಿಸುತ್ತಿದ್ದರೂ ಪ್ರತಿ ಶನಿವಾರ ನಿನ್ನ ಕೈ ಹಿಡಿದುಕೊಂಡು ಮೆರವಣಿಗೆಗೆ ಹೊರಟೇಬಿಡುತ್ತಿದ್ದಳು. ಅವಳು ಓಡಿದ್ದನ್ನಲ್ಲ, ಓಡಿದ ಮೇಲೂ ನಿನ್ನನ್ನು ಆ ಬೀದಿಯಲ್ಲೇ ನಡೆಸಿದ್ದನ್ನು ನೀನು ಕ್ಷಮಿಸಲಿಲ್ಲ. ಅವಳು ತೀರಿಕೊಂಡ ವಾರ ಫೋಟೋಗಳನ್ನೆಲ್ಲ ಸುಟ್ಟೆ. ಮತದಾನದ ದಿನ ನೀನು ಕಿಟಕಿ ತೊಳೆಯುತ್ತೀಯ, ಇವತ್ತಿನವರೆಗೂ ಒಂದು ಮತ ಹಾಕಿದವಳಲ್ಲ. ದೂರುತ್ತಿಲ್ಲ ಅಮ್ಮ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ.

ಆದರೆ ಒಂದು ಹುಳ ನನ್ನ ತಲೆಯಲ್ಲಿ ಮೊದಲಿಂದಲೂ ಕೊರೆಯುತ್ತಿತ್ತು. ನನಗೆ ಏಳು ವರ್ಷವಿದ್ದಾಗ ಅಜ್ಜಿ ನಮ್ಮ ಅಡುಗೆಮನೆಯಲ್ಲಿ ಜೀವಂತ ಇಲಿಯನ್ನು ಬಾಲ ಹಿಡಿದೆತ್ತಿ, ಹಿತ್ತಿಲಿಗೆ ಬಿಸಾಕಿ, ಕೈ ತೊಳೆದು ಬಂದು ನನ್ನ ತಲೆ ಬಾಚಿದಳು. ನಾನು ಕೈ ತಟ್ಟಿ ನಕ್ಕೆ. ನೀನು ಎದ್ದು ಹೊರಗೆ ಹೋದೆ.

ಹೋದ ತಿಂಗಳು ಆ ಚಿತ್ರ ತೆಗೆದ ಛಾಯಾಗ್ರಾಹಕನ ಮೊಮ್ಮಗಳು ತಮ್ಮ ಮನೆ ಅಟ್ಟದಲ್ಲಿದ್ದ ತುಕ್ಕು ಹಿಡಿದ ಡಬ್ಬಿಯೊಂದನ್ನು ತಂದುಕೊಟ್ಟಳು. ಮುಚ್ಚಳ ತೆಗೆದರೆ ವಾರಗಟ್ಟಲೆ ಒಗೆಯದ ಕಾಲುಚೀಲದ ವಾಸನೆ. ಒಳಗೆ ಬೇಡವೆಂದು ಬಿಟ್ಟ ಫಿಲ್ಮು, ಜೊತೆಗೊಂದು ಚೀಟಿ. ಆ ಯಜಮಾನನಿಗೆ ಒಂದು ಪದ್ಧತಿ ಇತ್ತಂತೆ. ಒಂದೇ ದೃಶ್ಯವನ್ನು ಎಷ್ಟು ಸಲ ತೆಗೆದರೂ ಪ್ರತಿ ಸಲಕ್ಕೂ ಒಂದು ಮಾತು ಬರೆದಿಡುತ್ತಿದ್ದ, ಚಿತ್ರಕ್ಕೆ ಆಯ್ದುಕೊಂಡದ್ದರ ಮುಂದೆ ಸರಿ ಅಂತ ಹಾಕುತ್ತಿದ್ದ. ಚೀಟಿಯಲ್ಲಿರುವುದು ಇಷ್ಟು. ಇಲಿ ದೃಶ್ಯ. ಒಂದು, ನಿಂತಳು. ಎರಡು, ನಿಂತಳು. ಮೂರು, ನಾಲ್ಕು, ಐದು, ಆರು, ಎಲ್ಲದರ ಮುಂದೆಯೂ ನಿಂತಳು. ಏಳು, ಓಡಿದಳು, ಸರಿ.

ಬಾಗಿಲು ಹಾಕಿಕೊಂಡು ಆರನ್ನೂ ನೋಡಿದೆ. ಅವಳೇ, ಅಮ್ಮ! ಇಸ್ತ್ರಿ ಮೇಜಿನ ಮುಂದೆ ನಿಲ್ಲುತ್ತಿದ್ದಳಲ್ಲ, ಭಾರವೆಲ್ಲ ಎಡಗಾಲಿಗೆ ಬಿಟ್ಟು, ಒಂದು ಕೈ ಸೊಂಟಕ್ಕೆ ಕೊಟ್ಟು, ಹಾಗೇ. ಇಲಿ ಬರುತ್ತದೆ, ಅವಳು ಅಲ್ಲಾಡುವುದಿಲ್ಲ. ಪಕ್ಕದಲ್ಲಿ ಯಾರದೋ ಕೈ ಓಡು ಓಡು ಅಂತ ಬೀಸುತ್ತಿರುವುದು ಕಾಣುತ್ತದೆ. ನಾಲ್ಕನೆಯ ಸಲ ಇಲಿ ಅವಳ ಬೂಟಿನ ಮೇಲೇ ಹತ್ತಿತು. ಇವಳು ಬಗ್ಗಿ ನೋಡಿ, ಪಾಪ ತುಳಿದುಬಿಟ್ಟೇನು ಅಂತ ಕಾಲು ಸರಿಸಿಕೊಂಡಳು. ಆರನೆಯ ಸಲ ಫಲಕವನ್ನೇ ಕ್ಯಾಮೆರಾದ ಮುಖಕ್ಕೆ ಹಿಡಿದಳು. ಛಾಯಾಗ್ರಾಹಕನ ಮೊಮ್ಮಗಳು ಇನ್ನೊಂದು ವಿಷಯ ಹೇಳಿದಳು. ಕಂಪನಿಯವರು ಇಸ್ತ್ರಿಯ ಹೆಂಗಸರನ್ನು ಕರೆದಾಗ ನಿಮ್ಮ ಮೆರವಣಿಗೆಯನ್ನು ಊರೂರಿಗೆ ತೋರಿಸುತ್ತೇವೆ ಅಂದಿದ್ದರಂತೆ. ಇವರು ನಂಬಿ, ತಾವೇ ಬರೆದ ಫಲಕ ಹೊತ್ತು ಬಂದರು. ಇಲಿಯ ವಿಷಯ ಗೊತ್ತಾದದ್ದು ಅಲ್ಲಿ ನಿಂತ ಮೇಲೆ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಫಿಲ್ಮಿನ ಮೇಲೆ ಹನಿ ಬೀಳದ ಹಾಗೆ ನೋಡಿಕೊಂಡೆ ಅನ್ನು.

ಏಳನೆಯ ಸಲ ಓಡಿದ್ದು ನಿಜ. ಯಾಕೆ ಓಡಿದಳು ಅಂತ ಕೇಳಬೇಡ, ಈ ಕಾಗದದಲ್ಲಿ ಹೇಳುವುದಿಲ್ಲ. ಆರು ಸಲ ನಿಂತಳಲ್ಲ, ಅದಕ್ಕಾಗಿಯೇ ನೀನು ಸಹಿ ಹಾಕಬೇಕು ಅನ್ನುವುದು ನನ್ನ ಹಟ.

ಕಾರ್ಯಕ್ರಮ ಮಾಡುವ ಹುಡುಗಿ ಇದ್ದಾಳೆ, ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಾಳೆ, ನಾವೆಲ್ಲ ಅವಳನ್ನು ಗಡಿಯಾರ ಅಂತಲೇ ಕರೆಯುವುದು. ಕೆಟ್ಟವಳಲ್ಲ. ಆರು ಸಲದ್ದನ್ನು ತೋರಿಸಿದಾಗ ಅವಳು ಒಂದು ಸಲವೂ ಗಡಿಯಾರ ನೋಡಲಿಲ್ಲ. ಆದರೆ ಅವರ ವಕೀಲರು ಅಡ್ಡಗಾಲು ಹಾಕಿದ್ದಾರೆ. ಹೆಸರಿಲ್ಲದ ಹಾಸ್ಯನಟಿ ಅಂದರೆ ತೊಂದರೆಯಿಲ್ಲವಂತೆ, ಹೋರಾಟದಲ್ಲಿದ್ದ ಇಂಥವಳೇ ಅಂತ ಹೇಳಬೇಕಾದರೆ ಆ ವಯಸ್ಸಿನ ಅವಳನ್ನು ಕಣ್ಣಾರೆ ಕಂಡವರ ಸಹಿ ಬೇಕಂತೆ. ನಾನು ಆಗ ಹುಟ್ಟಿರಲಿಲ್ಲ. ಫೋಟೋಗಳು ಬೂದಿಯಾದವು. ಉಳಿದಿರುವುದು ನೀನೊಬ್ಬಳೇ. ಶುಕ್ರವಾರ ಸಂಜೆ ಕಂತು ಮುಗಿಸುತ್ತಾರೆ. ನಿನ್ನ ಸಹಿ ಬಾರದಿದ್ದರೆ ಮೊದಲಿದ್ದ ಹಾಗೇ, ಇಲಿ, ಕಿರುಚಾಟ, ಓಟ, ಮನೆಮನೆಯಲ್ಲಿ ಮತ್ತೊಮ್ಮೆ ನಗು.

ಅದಾಗಲು ನಾನು ಬಿಡುವುದಿಲ್ಲ. ಮೂಲ ರೀಲನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ನಮ್ಮ ಸಾಹೇಬರು ಕರೆದು, ಹೀಗೆ ಮಾಡಿದರೆ ಕೆಲಸಕ್ಕೆ ಸಂಚಕಾರ ಅಂದರು. ನಿವೃತ್ತಿಗೆ ಎರಡು ವರ್ಷ ಉಳಿದವಳನ್ನು ಹೆದರಿಸಲು ಇಲಿ ತರಬೇಕಿತ್ತು ಸಾರ್ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೆ ಸಮಾಧಾನವಾಯಿತು.

ಮೂರನೆಯ ಸಲದ್ದರಿಂದ ಒಂದು ಚಿತ್ರ ಅಚ್ಚು ಹಾಕಿಸಿ ಇಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ನೋಡು. ನಿನ್ನ ತಾಯಿ ಹೌದೋ ಅಲ್ಲವೋ, ಅಷ್ಟು ಹೇಳು. ಸಹಿ ಬರದಿದ್ದರೆ ಗುರುವಾರ ಮೊದಲ ಬಸ್ಸಿಗೆ ಬಂದು ನಿನ್ನೆದುರು ಕೂರುತ್ತೇನೆ. ಹಾಲು ಉಕ್ಕಿ ಒಲೆ ಆರಿದರೂ ಏಳುವುದಿಲ್ಲ.

ನನ್ನ ನಾಲಿಗೆಗೆ ಹೆದರಿ ನೀನೇ ಇಟ್ಟ ಹೆಸರಿನವಳು,
ಕತ್ತರಿ

ತಾ.ಕ. ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸು ಬಂದೆ. ಅಂಟಿಸಿದ ಲಕೋಟೆ ಹರಿದೆ. ನಿನಗೆ ಎಂಬತ್ತೊಂದು ಅಮ್ಮ, ನನ್ನ ಹಟಕ್ಕೆ ನಿನ್ನನ್ನು ಕಾಯಿಸುವುದು ಸರಿಯಲ್ಲ. ಏಳನೆಯ ಸಲದ್ದರಲ್ಲಿ ಚಿತ್ರಕ್ಕೆ ಕತ್ತರಿಸಿಕೊಂಡದ್ದು ಮೊದಲ ಅರ್ಧ ಮಾತ್ರ. ಉಳಿದರ್ಧ ಡಬ್ಬಿಯಲ್ಲಿತ್ತು, ಎರಡನ್ನೂ ನಾನೇ ಕೂಡಿಸಿದೆ. ಅವಳು ಓಡುವುದು ಇಲಿಯಿಂದ ದೂರಕ್ಕಲ್ಲ. ಇಲಿಯನ್ನು ದಾಟಿಕೊಂಡು ಕ್ಯಾಮೆರಾದ ಕಡೆಗೆ. ಅಲ್ಲಿ, ಚಿತ್ರದ ಅಂಚಿನಲ್ಲಿ, ಒಂದು ಮರದ ಪೆಟ್ಟಿಗೆ ಮಗುಚಿದೆ, ಅದರ ಮೇಲೆ ಕೂರಿಸಿದ್ದ ನಾಲ್ಕು ವರ್ಷದ ಮಗು ಮುಖ ಅಡಿಯಾಗಿ ಬಿದ್ದಿದೆ. ಅವಳು ಎತ್ತಿಕೊಂಡಾಗ ಮಗುವಿನ ಎಡಹುಬ್ಬಿನಿಂದ ರಕ್ತ ಸುರಿಯುತ್ತಿತ್ತು. ನೀನು ಮೆಟ್ಟಿಲಿಂದ ಬಿದ್ದದ್ದು ಅಂತ ಅವಳು ನಿನಗೆ ಹೇಳಿದ್ದಳು, ನೀನು ನಂಬಿದೆ. ಊರೆಲ್ಲ ನಕ್ಕರೂ ನಿಜ ಹೇಳಲಿಲ್ಲ. ನಿನ್ನಿಂದಾಗಿ ಓಡಿದೆ ಅನ್ನುವ ಮಾತು ಅವಳ ಬಾಯಿಂದ ಬರುವಂಥದ್ದಲ್ಲ. ಆ ಚಿತ್ರವನ್ನೂ ಒಂದು ಹಾಳೆಯಲ್ಲಿ ಮಡಚಿ ಇಟ್ಟಿದ್ದೇನೆ. ಮನಸ್ಸಾದಾಗ ಬಿಚ್ಚು. ಆದರೆ ಸಹಿ ಮೊದಲು ಹಾಕು. ಹುಬ್ಬಿನಿಂದ ಕೈ ತೆಗೆ ಅಮ್ಮ, ಪೆನ್ನು ಹಿಡಿ.