ಜಗಳದ ತಾಲೀಮು ನಿಲ್ಲಿಸಿದ ಅಧಿಕಾರಿಗಳಿಗೆ

ಮಾನ್ಯರೇ,

ಜೈಲುಗಳ ಸುಧಾರಣೆಯ ಹೊಣೆ ಹೊತ್ತಿರುವ ತಾವು, ನನ್ನ ತೋಳು ಮುರಿದವನಿಗೆ ನಡೆಯುತ್ತಿದ್ದ ಪಾಠವನ್ನು ಅರ್ಧಕ್ಕೆ ನಿಲ್ಲಿಸಿದ್ದೀರಿ. ಪಾಠ ಅವನದು, ತೋಳು ನನ್ನದು. ಹಾಗಾಗಿ ತಮಗೆ ಪತ್ರ ಬರೆಯುವ ಹಕ್ಕು ನನಗೂ ಒಂದಿಷ್ಟು ಇದೆ ಎಂದುಕೊಂಡಿದ್ದೇನೆ. ಕಳೆದ ತಿಂಗಳು ತಿ. ನರಸೀಪುರದ ಸಭೆಯಲ್ಲಿ ತಾವು, "ಬಡಿದಾಡಿ ಬಂದವರಿಗೆ ಬಡಿದಾಟದ ತರಬೇತಿ ಕೊಡಲು ಸರ್ಕಾರ ಜೈಲು ಕಟ್ಟಿಲ್ಲ" ಎಂದು ಅಪ್ಪಣೆ ಕೊಡಿಸಿದಿರಿ. ಭರ್ಜರಿ ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ನಾನು ತಟ್ಟಲಿಲ್ಲ. ಮನಸ್ಸಿದ್ದರೂ ಎಡಗೈ ಒಪ್ಪುತ್ತಿರಲಿಲ್ಲ. ಎದ್ದು ಪ್ರಶ್ನೆ ಕೇಳೋಣವೆಂದರೆ ಅಷ್ಟರಲ್ಲಿ ತಮಗೆ ಊಟದ ಹೊತ್ತಾಗಿತ್ತು.

ಹುಲ್ಲಹಳ್ಳಿಯ ನಾಲೆ ಬಯಲಿನಲ್ಲಿ ನನ್ನ ಗದ್ದೆಗೂ, ನನ್ನ ಗಂಡನ ಚಿಕ್ಕಪ್ಪನ ಮಗ ಮಹದೇವನ ಗದ್ದೆಗೂ ಒಂದೇ ತೂಬು. ನೀರಿಗೆ ಸರದಿ ಇದೆ. ಮೂರು ವರ್ಷದ ಹಿಂದೆ ಅವನ ಸರದಿಯ ದಿನ ಬೆಳಿಗ್ಗೆ ತೂಬು ಮುಚ್ಚಿತ್ತು. ಮುಚ್ಚಿದವನು ನೀರು ಹಂಚುವ ಸೌಡಿ, ಮೇಲೆಲ್ಲೋ ಏರಿ ಬಿರಿದಿದೆ ಎಂದು. ಮಹದೇವ ಯಾರನ್ನೂ ಏನನ್ನೂ ಕೇಳಲಿಲ್ಲ. ನಾನು ಬದುವಿನ ಮೇಲೆ ನಿಂತಿದ್ದೆ, ಅವನಿಗೆ ಅಷ್ಟೇ ಸಾಕಾಯಿತು. ಗುದ್ದಲಿ ತಿರುಗಿಸಿ ಕಾವಿನಿಂದ ಬಾರಿಸಿದ. ಕೋರ್ಟು ಅವನನ್ನು ಜೈಲಿಗೆ ಕಳಿಸಿತು, ನ್ಯಾಯ ಸಿಕ್ಕಿತಲ್ಲ ಎಂದು ನೆಂಟರೆಲ್ಲ ನನಗೆ ಸಮಾಧಾನ ಹೇಳಿದರು. ಆದರೆ ಶಿಕ್ಷೆ ಮುಗಿದ ಮೇಲೆ ಅವನು ಬರುವುದೆಲ್ಲಿಗೆ ಸ್ವಾಮಿ? ತಮ್ಮ ಕ್ವಾರ್ಟರ್ಸಿನ ಪಕ್ಕಕ್ಕೇ? ಅವನು ಬರುವುದು ಅದೇ ತೂಬಿಗೆ.

ಜೈಲಿನಲ್ಲಿ ಅವನಿಗೆ ಸಿಬಿಟಿ ಎಂಬ ಚಿಕಿತ್ಸೆ ಶುರುವಾಗಿತ್ತು. ತಿ. ನರಸೀಪುರದಿಂದ ಬಸ್ಸು ಹಿಡಿದು ಹೋಗುತ್ತಿದ್ದ ಆಶಾರಾಣಿ ಎಂಬ ಗುತ್ತಿಗೆಯ ಮನಶ್ಶಾಸ್ತ್ರಜ್ಞೆ ಅದನ್ನು ನಡೆಸುತ್ತಿದ್ದರು. ನಾನು ಅವರ ಮನೆಗೇ ಹೋಗಿ ಕೇಳಿ ತಿಳಿದುಕೊಂಡೆ. ಅದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಕೋಪ ಬರುವುದಕ್ಕೂ ಕೈ ಎತ್ತುವುದಕ್ಕೂ ನಡುವೆ ತಲೆಯಲ್ಲಿ ಒಂದು ಮಾತು ಹಾದುಹೋಗುತ್ತದಂತೆ. 'ಇವಳಿಗೆ ನನ್ನ ಕಂಡರೆ ಸಸಾರ' ಎಂಬಂಥ ಮಾತು. ಅದನ್ನು ಅಲ್ಲೇ ಹಿಡಿದು ನಿಲ್ಲಿಸಿ, ಇದು ನಿಜವೇ, ಬೇರೆ ಕಾರಣ ಇದ್ದೀತೇ ಎಂದು ಕೇಳಿಕೊಳ್ಳುವ ಅಭ್ಯಾಸವೇ ಆ ಚಿಕಿತ್ಸೆ. ಕೂತು ಕೇಳಿದರೆ ಅದು ಬರುವುದಿಲ್ಲ, ಸೈಕಲ್ ಕಲಿತ ಹಾಗೆ ಮಾಡಿ ಮಾಡಿಯೇ ಬರಬೇಕು.

ಇದಕ್ಕೆ ತಮ್ಮ ಇಲಾಖೆ ಕಳಿಸಿದ ಪಾಠವೇನು ಗೊತ್ತೇ? 'ಮಾಲ್‌ನಲ್ಲಿ ನಿಮ್ಮ ಕಾರು ನಿಲ್ಲಿಸುವ ಜಾಗದಲ್ಲಿ ಬೇರೆಯವರು ಕಾರು ನಿಲ್ಲಿಸಿದ್ದಾರೆ, ಆಗ ನಿಮಗೇನು ಅನ್ನಿಸುತ್ತದೆ?' ಮಹದೇವನ ಹತ್ತಿರ ಇರುವುದು ಒಂದು ಹಳೆಯ ಟಿವಿಎಸ್, ಅದನ್ನವನು ನಿಲ್ಲಿಸುವುದು ಹುಣಸೆ ಮರಕ್ಕೆ ಒರಗಿಸಿ. ಏನೂ ಅನ್ನಿಸೋದಿಲ್ಲ ಮೇಡಂ ಎಂದನಂತೆ. ಆಶಾರಾಣಿ ಆ ಪಾಠವನ್ನು ಪಕ್ಕಕ್ಕಿಟ್ಟು ತೂಬಿನ ಜಗಳವನ್ನೇ ಆಡಿಸಿದರು. ಟವೆಲ್ಲನ್ನು ಸೆರಗು ಮಾಡಿಕೊಂಡು ನನ್ನ ಪಾತ್ರ ಹಾಕಿದವನು ಒಬ್ಬ ಸರಗಳ್ಳ. ನನಗೆ ಅದರ ತಕರಾರಿಲ್ಲ, ನನಗಿಂತ ಚೆನ್ನಾಗಿಯೇ ಬಯ್ದಿರಬೇಕು. ಎದುರಿಗೆ ನಿಂತ ಮಹದೇವ ಮೊದಮೊದಲು ಕೈ ಎತ್ತುತ್ತಿದ್ದ. ಆಮೇಲಾಮೇಲೆ ನಿಲ್ಲುವುದನ್ನು ಕಲಿತ.

ಅಷ್ಟರಲ್ಲಿ ತಾವು ತಪಾಸಣೆಗೆ ದಯಮಾಡಿಸಿದಿರಿ. ಒಬ್ಬ ಕೈದಿ ಹೆಂಗಸಿನ ವೇಷದಲ್ಲಿ ಕಿರುಚುತ್ತಿದ್ದಾನೆ, ಇನ್ನೊಬ್ಬ ಹಲ್ಲು ಕಚ್ಚಿಕೊಂಡು ನಿಂತಿದ್ದಾನೆ. ಇದೇನು ಎಂದು ಕೇಳುವ ಸೌಜನ್ಯ ತಮಗಿರಲಿಲ್ಲ. ಕಂಡದ್ದಷ್ಟನ್ನೇ ನಂಬಿ ತಾವೂ ಕೈ ಎತ್ತಿದಿರಿ. ಗುದ್ದಲಿಯ ಬದಲು ಆದೇಶ ಇತ್ತು, ಅಷ್ಟೇ ವ್ಯತ್ಯಾಸ. ನನ್ನ ಕೇಳಿದರೆ ಆ ತರಗತಿಯ ಮುಂದಿನ ಸಾಲಿನಲ್ಲಿ ತಮ್ಮನ್ನೇ ಕೂರಿಸಬೇಕಿತ್ತು.

ಈಗ ಅಲ್ಲಿ 'ಮನಃಪರಿವರ್ತನಾ ಉಪನ್ಯಾಸ ಮಾಲೆ' ನಡೆಯುತ್ತಿದೆ. ಅತಿಥಿಗಳು ಬರುತ್ತಾರೆ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತೀರಿ. ಕೋಪ ಒಳ್ಳೆಯದಲ್ಲ ಎಂದು ಅವರು ಹೇಳುತ್ತಾರೆ. ಅದು ಗೊತ್ತಿಲ್ಲದವರು ಯಾರಾದರೂ ಆ ಜೈಲಿನಲ್ಲಿದ್ದಾರೆಯೇ? ಕೋಪ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ತಾನೇ ನನ್ನ ತೋಳು ಮುರಿದದ್ದು?

ತಾಯಿ ತೀರಿಕೊಂಡಾಗ ಮಹದೇವ ಪೆರೋಲ್ ಮೇಲೆ ಬಂದಿದ್ದ. ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಗದ್ದೆ ನೋಡಲು ಬಂದ, ಹೆಗಲ ಮೇಲೆ ಗುದ್ದಲಿ. ನಾನು ಬದುವಿನ ಮೇಲಿದ್ದೆ. ತೂಬು ಮುಚ್ಚಿತ್ತು. ಅವನ ಮುಖ ಕೆಂಪಾದದ್ದನ್ನೂ, ದವಡೆ ಬಿಗಿದದ್ದನ್ನೂ ನೋಡಿದೆ. ಆದರೆ ಅವನು ನಿಂತ. ಗುದ್ದಲಿಯನ್ನು ಕೆಳಗಿಟ್ಟ.

"ಅತ್ಗೆ, ತೂಬ ನೀವ್ ಮುಚ್ಚುದ್ರಾ, ಸೌಡಿ ಮುಚ್ಚುದ್ನಾ?"

"ಸೌಡಿ ಕಣಪ್ಪ. ಮ್ಯಾಲೆ ಕಸ ಕಟ್ಕಂಡದಂತೆ."

"ಸರಿ ಬುಡಿ" ಎಂದು ಬದುವಿನ ಮೇಲೆ ಕೂತುಬಿಟ್ಟ.

ಇದನ್ನು ಯಾರು ಹೇಳಿಕೊಟ್ಟರೋ ಎಂದು ಕೇಳಿದೆ. ತಲೆ ಬಗ್ಗಿಸಿಕೊಂಡೇ ಹೇಳಿದ: "ಜೈಲ್ಗೆ ಒಬ್ರು ಮೇಡಮ್ಮು ಬತ್ತಿದ್ರು ಅತ್ಗೆ. ಮೊದ್ಲು ಕೇಳು ಅಂತ ಕಲ್ಸ್ಕೊಟ್ರು. ಸಿಗೋ ಉತ್ರ ಮನಸ್ಗೆ ಒಪ್ದೆ ಇದ್ರೆ ಏನ್ ಮಾಡ್ಬೇಕು ಅನ್ನೋದ್ನ ಮುಂದ್ಲ ವಾರ ಏಳ್ಕೊಡ್ತೀನಿ ಅಂದಿದ್ರು. ಆಮೇಲ್ ಅವ್ರು ಬರ್ಲೇ ಇಲ್ಲ."

ಮಾನ್ಯರೇ, ಯುಗಾದಿ ಕಳೆದ ಮೇಲೆ ಅವನ ಬಿಡುಗಡೆ. ಅಷ್ಟರೊಳಗೆ ಆಶಾರಾಣಿಯವರನ್ನು ವಾಪಸ್ಸು ಕರೆಸಿ, ಆ ಮುಂದಿನ ವಾರದ ಪಾಠ ನಡೆಸಿ. ಅವನ ಮೇಲೆ ಕರುಣೆಯಿಂದ ಬೇಡ, ಆ ಗುಣವನ್ನು ತಮ್ಮಿಂದ ನಾನು ನಿರೀಕ್ಷಿಸಿಯೂ ಇಲ್ಲ. ಅವತ್ತು ನನ್ನ ಹತ್ತಿರ ಅವನಿಗೆ ಒಪ್ಪುವಂಥ ಉತ್ತರ ಇತ್ತು, ಬದುಕಿಕೊಂಡೆ. ನಾನೇನು ದೇವತೆಯಲ್ಲ. ಪೈರು ಒಣಗುತ್ತಿರುವಾಗ ಅವನ ಸರದಿಯಲ್ಲಿ ನಾನೂ ಒಂದು ದಿನ ತೂಬು ಮುಚ್ಚಿಯೇನು. ಅವನು ಬಂದು ಕೇಳುತ್ತಾನೆ. ನಾನೇ ಮುಚ್ಚಿದೆ ಕಣಪ್ಪ ಎನ್ನುತ್ತೇನೆ. ಆಮೇಲೆ?

ಇಂತಿ,
ಮುಂದಿನ ವಾರದ ಪಾಠಕ್ಕೆ ಅವನಿಗಿಂತ ಹೆಚ್ಚು ಕಾದಿರುವ
ಚನ್ನಾಜಮ್ಮ, ಹುಲ್ಲಹಳ್ಳಿ